ಹೊಸ ಬಾರ್ ಹಾಕಿದ ಮೇಲೆ ಚೈನಿಗೆ ಆಯಿಲ್ ಏರುತ್ತಿದೆಯೇ?

ಮರ ಕೊಯ್ಯುವ ಚೈನ್ ಮಿಷಿನ್ನಿಗೆ ಹೊಸ ಬಾರ್ (ಚೈನ್ ಸುತ್ತುವ ಉದ್ದನೆಯ ಉಕ್ಕಿನ ಪಟ್ಟಿ) ಹಾಕಿ, ಒಂದು ತೆಂಗಿನ ಬೊಡ್ಡೆ ತುಂಡಾಗುವಷ್ಟರಲ್ಲಿ ಹೊಗೆ ಎದ್ದರೆ ಬೈಗುಳ ಬೀಳುವುದು ಆಯಿಲ್ ಪಂಪಿಗೆ. ಹಳೆ ಬಾರಿನಲ್ಲಿ ನಿನ್ನೆವರೆಗೂ ಆಯಿಲ್ ಸರಿಯಾಗಿ ಬರುತ್ತಿದ್ದರೆ ಪಂಪ್ ಇವತ್ತೇ ಕೆಟ್ಟಿರುವ ಸಾಧ್ಯತೆ ಕಡಿಮೆ. ಬದಲಾಗಿರುವುದು ಬಾರ್, ಮೊದಲು ಹುಡುಕಬೇಕಾದದ್ದೂ ಅಲ್ಲೇ.

ಆಯಿಲ್ ಹೋಗುವ ದಾರಿ ಸರಳ. ಟ್ಯಾಂಕಿನೊಳಗಿನ ಜಾಲರಿ, ಪೈಪು, ಪಂಪು ದಾಟಿ ಮಿಷಿನ್ನಿನ ಮೈಮೇಲೆ, ಬಾರ್ ಕೂರುವ ಜಾಗದಲ್ಲಿರುವ ಉದ್ದನೆಯ ಸೀಳಿಗೆ ಬರುತ್ತದೆ. ಅಲ್ಲಿಂದ ಬಾರಿನ ಬಾಲದ (ಮಿಷಿನ್ನಿಗೆ ಕೂರುವ ತುದಿಯ) ಸಣ್ಣ ತೂತಿನ ಮೂಲಕ ಗ್ರೂವಿಗೆ, ಅಂದರೆ ಬಾರಿನ ಅಂಚಿನಲ್ಲಿ ಚೈನ್ ಓಡುವ ಕಾಲುವೆಗೆ ಇಳಿಯುತ್ತದೆ. ಚೈನಿನ ಒಳಹಲ್ಲುಗಳು ಅದನ್ನು ಎಳೆದುಕೊಂಡು ಮೂತಿಯವರೆಗೆ ಒಯ್ಯುತ್ತವೆ. ಸೀಳು ಮತ್ತು ತೂತು ಎದುರುಬದುರು ಕೂರದಿದ್ದರೆ ಪಂಪ್ ಎಷ್ಟು ಹೊಡೆದರೂ ಪ್ರಯೋಜನವಿಲ್ಲ. ನಾಲೆಯ ತೂಬು ಒಂದು ಕಡೆ, ಗದ್ದೆಯ ಬಾಯಿ ಇನ್ನೊಂದು ಕಡೆ ಇದ್ದರೆ ನೀರು ಹತ್ತುವುದೆಲ್ಲಿ?

ಅಂಗಡಿಯಲ್ಲಿ 'ಹದಿನೆಂಟು ಇಂಚಿನ ಬಾರ್ ಕೊಡಿ' ಎಂದಷ್ಟೇ ಕೇಳುವುದರಿಂದಲೇ ಅರ್ಧ ತೊಂದರೆ ಶುರು. ಉದ್ದ ಒಂದೇ ಇದ್ದರೂ ಬಾಲ ಬೇರೆ ಇರುತ್ತದೆ. ಹಳೆ ಬಾರನ್ನು ಕೈಯಲ್ಲೇ ಒಯ್ಯಿರಿ, ಹೊಸದರ ಮೇಲಿಟ್ಟು ನೋಡಿ. ಬೋಲ್ಟ್ ಕೂರುವ ಸೀಳಿನ ಅಗಲ, ಟೈಟ್ ಮಾಡುವ ಪಿನ್ನಿನ ತೂತು, ಆಯಿಲ್ ತೂತು, ಈ ಮೂರೂ ಒಂದರ ಮೇಲೊಂದು ಕೂರಬೇಕು. ಗ್ರೂವಿನ ಅಗಲವನ್ನೂ ನೋಡಿ: 1.1, 1.3, 1.5, 1.6 ಮಿಲಿಮೀಟರ್ ಎಂದು ಬಾರಿನ ಮೇಲೆಯೇ ಕೊರೆದಿರುತ್ತದೆ. 1.5ರ ಗ್ರೂವಿಗೆ 1.3ರ ಚೈನ್ ಹಾಕಿದರೆ ಚೈನ್ ಅಲ್ಲಾಡುತ್ತದೆ, ಆಯಿಲ್ ಮೂತಿ ಮುಟ್ಟುವ ಮೊದಲೇ ಪಕ್ಕದಿಂದ ಸೋರಿಹೋಗುತ್ತದೆ.

ಕೆಲಸ ಶುರು ಮಾಡುವ ಮೊದಲು ಇಂಜಿನ್ ನಿಲ್ಲಿಸಿ, ಪ್ಲಗ್ಗಿನ ಕ್ಯಾಪ್ ಕಿತ್ತಿಡಿ, ಕೈಗವಸು ಹಾಕಿಕೊಳ್ಳಿ. ಚೈನ್ ಬ್ರೇಕನ್ನು ಬಿಟ್ಟ ಸ್ಥಿತಿಯಲ್ಲೇ ಕವರ್ ಬಿಚ್ಚಿ. ಬ್ರೇಕ್ ಕವರಿನಲ್ಲೇ ಇರುವ ಮಿಷಿನ್ನಿನಲ್ಲಿ ಬ್ರೇಕ್ ಹಾಕಿ ಬಿಚ್ಚಿದರೆ ವಾಪಸ್ ಕೂರಿಸುವಾಗ ಬೆವರಿಳಿಯುತ್ತದೆ.

ಹೊಸ ಬಾರಿನ ಆಯಿಲ್ ತೂತಿನಲ್ಲಿ ಕೆಲವೊಮ್ಮೆ ಪೇಂಟ್ ತುಂಬಿಕೊಂಡಿರುತ್ತದೆ. ತೆಳು ತಂತಿ ತೂರಿಸಿ ನೋಡಿ, ತುದಿ ಗ್ರೂವಿನೊಳಗೆ ಕಾಣಬೇಕು. ಮಿಷಿನ್ನಿನ ಮೈಮೇಲಿನ ಸೀಳನ್ನೂ ಬಟ್ಟೆಯಿಂದ ಒರೆಸಿ. ಹಸಿ ತೆಂಗು ಕೊಯ್ದಿದ್ದರೆ ಅಲ್ಲಿ ನಾರು, ಹೊಟ್ಟು, ಆಯಿಲ್ ಸೇರಿ ಹಿಂಡಿಯಂತೆ ಗಟ್ಟಿಯಾಗಿರುತ್ತದೆ.

ಈಗ ಮುಖ್ಯ ಪರೀಕ್ಷೆ. ಚಿಟಿಕೆ ಕುಂಕುಮಕ್ಕೆ ಎರಡು ತೊಟ್ಟು ಆಯಿಲ್ ಕಲೆಸಿ ಸೀಳಿನ ಅಂಚಿಗೆ ಬೆರಳಿನಿಂದ ತೆಳ್ಳಗೆ ಸವರಿ. ಚೈನಿಲ್ಲದೆ ಬಾರನ್ನಷ್ಟೇ ಬೋಲ್ಟಿಗೆ ಕೂರಿಸಿ, ಒತ್ತಿ, ತೆಗೆಯಿರಿ. ಬಾರಿನ ಮೇಲೆ ಸೀಳಿನ ಆಕಾರ ಕೆಂಪಗೆ ಅಚ್ಚೊತ್ತಿರುತ್ತದೆ, ತೂತು ಆ ಅಚ್ಚಿನ ಒಳಗೇ ಬಿದ್ದಿರಬೇಕು. ಬಾರನ್ನು ಪೂರ್ತಿ ಹಿಂದಕ್ಕೆ ಇಟ್ಟು ಒಮ್ಮೆ, ಚೈನ್ ಟೈಟಾದಾಗ ಎಲ್ಲಿರುತ್ತದೋ ಅಲ್ಲಿ ಇಟ್ಟು ಇನ್ನೊಮ್ಮೆ ನೋಡಿ. ತೂತು ಹೊರಗೆ ಬಿದ್ದರೆ ಆ ಬಾರ್ ನಿಮ್ಮ ಮಿಷಿನ್ನಿನದಲ್ಲ, ಬದಲಿಸಿ ತನ್ನಿ. ಡ್ರಿಲ್ ಹಾಕಿ ಹೊಸ ತೂತು ಮಾಡಲು ಹೋಗಬೇಡಿ, ಬಾರಿನ ಉಕ್ಕು ಗಟ್ಟಿ, ಬಿಟ್ ಮುರಿಯುತ್ತದೆ. ಪರೀಕ್ಷೆ ಮುಗಿದ ಮೇಲೆ ಕುಂಕುಮ ಪೂರ್ತಿ ಒರೆಸಿ.

ಜೋಡಿಸುವಾಗ ಬಾರಿನ ಒಳಮಗ್ಗುಲಲ್ಲಿದ್ದ ತೆಳು ತಗಡಿನ ಪ್ಲೇಟನ್ನು ಮರೆಯಬೇಡಿ. ಅದಿಲ್ಲದಿದ್ದರೆ ಸಂದಿಯಲ್ಲೇ ಆಯಿಲ್ ಸೋರುತ್ತದೆ. ಮೂತಿಯನ್ನು ಮೇಲಕ್ಕೆ ಎತ್ತಿ ಹಿಡಿದೇ ನಟ್ಟು ಬಿಗಿಯಿರಿ. ಚೈನ್ ಬಾರಿನ ಕೆಳಗೆ ಜೋತುಬೀಳಬಾರದು, ಆದರೆ ಕೈಯಿಂದ ಎಳೆದರೆ ಸಲೀಸಾಗಿ ಸುತ್ತಬೇಕು. ಅತಿ ಬಿಗಿಯಾದರೆ ಆಯಿಲ್ ಇದ್ದರೂ ಬಾರ್ ಕಾಯುತ್ತದೆ.

ಆಯಿಲ್ ವಿಷಯ ಚಿಕ್ಕದು. ಬಾರ್ ಆಯಿಲ್ ಸಿಕ್ಕರೆ ಅದೇ ಉತ್ತಮ, ಅಂಟುಗುಣ ಇರುತ್ತದೆ. ಇಲ್ಲದಿದ್ದರೆ ನಮ್ಮ ಸೆಕೆಗೆ ಹೊಸ 20ಡಬ್ಲ್ಯೂ-40 ಇಂಜಿನ್ ಆಯಿಲ್ ನಡೆಯುತ್ತದೆ. ಬೈಕಿನಿಂದ ಇಳಿಸಿದ ಕರಿ ಆಯಿಲ್ ಬೇಡವೇ ಬೇಡ, ಅದರಲ್ಲಿರುವ ಲೋಹದ ಪುಡಿ ಪಂಪನ್ನು ತಿನ್ನುತ್ತದೆ, ಚರ್ಮಕ್ಕೂ ಒಳ್ಳೆಯದಲ್ಲ.

ಟ್ಯಾಂಕ್ ತುಂಬಿಸಿ, ಪ್ಲಗ್ಗಿನ ಕ್ಯಾಪ್ ಹಾಕಿ, ಮಿಷಿನ್ ಚಾಲೂ ಮಾಡಿ. ಬಾರಿನ ಮೂತಿಯನ್ನು ಬಿಳಿ ರಟ್ಟಿನಿಂದ ಸುಮಾರು 20 ಸೆಂಟಿಮೀಟರ್ ದೂರ ಹಿಡಿದು ಮುಕ್ಕಾಲು ಥ್ರಾಟಲ್ ಕೊಡಿ. ಮೂತಿ ಮಣ್ಣಿಗೆ ತಾಗದಿರಲಿ. ಒಂದು ನಿಮಿಷದೊಳಗೆ ರಟ್ಟಿನ ಮೇಲೆ ಆಯಿಲ್ಲಿನ ಗೆರೆ ಮೂಡಬೇಕು. ಬರೀ ಐಡಲ್‌ನಲ್ಲಿ ಕಾಯುತ್ತ ಕೂತರೆ ಏನೂ ತಿಳಿಯದು, ಎಷ್ಟೋ ಮಾದರಿಗಳಲ್ಲಿ ಚೈನ್ ತಿರುಗಿದರೆ ಮಾತ್ರ ಪಂಪ್ ತಿರುಗುತ್ತದೆ.

ಗೆರೆ ಮೂಡಲಿಲ್ಲವೇ? ನಿಲ್ಲಿಸಿ, ಆರಲು ಬಿಟ್ಟು, ಕವರ್ ಬಿಚ್ಚಿ ಸೀಳು ನೋಡಿ. ಸೀಳಿನಲ್ಲಿ ಆಯಿಲ್ ಮಡುಗಟ್ಟಿದ್ದು ಗ್ರೂವ್ ಒಣಗಿದ್ದರೆ ದೋಷ ಬಾರಿನದು. ಸೀಳೇ ಒಣಗಿದ್ದರೆ ಟ್ಯಾಂಕಿನ ಜಾಲರಿ, ಗಾಳಿ ತೂತು, ಪೈಪು, ಕೊನೆಗೆ ಪಂಪು, ಈ ಕ್ರಮದಲ್ಲಿ ಹುಡುಕಿ. ಟ್ಯಾಂಕಿನ ಮುಚ್ಚಳ ತೆರೆದಾಗ ಉಸ್ ಎಂದು ಗಾಳಿ ಒಳಗೆ ಎಳೆದುಕೊಂಡರೆ ಗಾಳಿ ತೂತು ಕಟ್ಟಿದೆ ಎಂದರ್ಥ. ಪಂಪ್ ನೋಡಲೆಂದು ಕವರ್ ಇಲ್ಲದೆ ಇಂಜಿನ್ ಓಡಿಸುವವರಿದ್ದಾರೆ. ಕ್ಲಚ್ ಸಡಿಲಗೊಂಡು ಹಾರಬಹುದು, ಆ ಸಾಹಸ ಬೇಡ.

ಆಯಿಲ್ ಬರುತ್ತಿದ್ದೂ ಸಾಲದಿದ್ದರೆ ಮಿಷಿನ್ನಿನ ತಳದಲ್ಲಿ ಆಯಿಲ್ ಸ್ಕ್ರೂ ಇದೆಯೇ ನೋಡಿ, ಗುರುತಿನ ಪ್ರಕಾರ ಸ್ವಲ್ಪ ಹೆಚ್ಚಿಸಿ. 18 ಇಂಚಿನಿಂದ 22ಕ್ಕೆ ಏರಿದವರಿಗೆ ಇದು ಬೇಕಾಗುತ್ತದೆ. ಸ್ಕ್ರೂ ಇಲ್ಲದ ಮಿಷಿನ್ನಿಗೆ ಕಂಪನಿ ಹೇಳಿದ್ದಕ್ಕಿಂತ ಉದ್ದದ ಬಾರ್ ಹಾಕಬಾರದು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬ್ಯಾರನ್ನಿಗೆ (ಎಲೆ ಒಣಗಿಸುವ ಮನೆಗೆ) ಸೌದೆ ಕೊಯ್ಯುವವರ ಮಿಷಿನ್ ದಿನವಿಡೀ ಓಡುತ್ತದೆ, ಅವರಿಗೆ ಸುಲಭದ ಲೆಕ್ಕ ಒಂದಿದೆ. ಪೆಟ್ರೋಲ್ ಟ್ಯಾಂಕ್ ಒಂದು ಸಲ ಖಾಲಿಯಾಗುವಾಗ ಆಯಿಲ್ ಟ್ಯಾಂಕಿನಲ್ಲಿ ಸ್ವಲ್ಪವಷ್ಟೇ ಉಳಿದಿರಬೇಕು. ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಚೈನ್ ಒಣಗಿಯೇ ಓಡಿದೆ.

ಅಂಚು ಎರಡೂ ಕಡೆ ಸಮವಾಗಿ ಸವೆಯಲೆಂದು ಬಾರನ್ನು ಆಗಾಗ ತಲೆಕೆಳಗು ಮಾಡಿ ಹಾಕುತ್ತೀರಲ್ಲ, ಆಗ ಇಷ್ಟು ದಿನ ಕೆಲಸವಿಲ್ಲದೆ ಹೊಟ್ಟು ತುಂಬಿಸಿಕೊಂಡಿದ್ದ ಇನ್ನೊಂದು ತೂತು ಸೀಳಿನ ಎದುರಿಗೆ ಬರುತ್ತದೆ. ಮುರಿದ ಹ್ಯಾಕ್ಸಾ ಬ್ಲೇಡಿನಿಂದ ಗ್ರೂವ್ ಕೆರೆದು, ಪಂಕ್ಚರ್ ಅಂಗಡಿಯಲ್ಲಿ ಆ ತೂತಿಗೆ ಗಾಳಿ ಹೊಡೆಸಿಯೇ ಹಾಕಿ.