ಹಾಸನವೇ ಮೂಲಬಿಂದು

ಒಂಬತ್ತನೇ ತರಗತಿಗೆ ನಿರ್ದೇಶಾಂಕ ರೇಖಾಗಣಿತ ಶುರು ಮಾಡಿದಾಗೆಲ್ಲ ನನಗೆ ಎರಡು ತೊಡಕು ಎದುರಾಗುತ್ತಿದ್ದವು. (3, 5) ಗುರುತಿಸಿ ಅಂದರೆ ಎಷ್ಟೋ ಮಕ್ಕಳು (5, 3) ಗುರುತಿಸುತ್ತಿದ್ದರು. ಮೈನಸ್ ಕಂಡರೆ ಕೈ ನಿಂತುಬಿಡುತ್ತಿತ್ತು. ಮೊದಲು ಅಡ್ಡ, ಆಮೇಲೆ ನೆಟ್ಟಗೆ ಅನ್ನುವ ನಿಯಮವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆಸಿದರೂ ಅದು ಪರೀಕ್ಷೆವರೆಗೆ ಮಾತ್ರ ಉಳಿಯುತ್ತಿತ್ತು.

ಒಂದು ದಿನ ಕ್ಲಾಸಿನ ಗೋಡೆಯಲ್ಲಿದ್ದ ಜಿಲ್ಲಾ ನಕ್ಷೆ ನೋಡುತ್ತಾ ನಿಂತಿದ್ದೆ. ಹಾಸನ ಹೆಚ್ಚುಕಡಿಮೆ ನಡುವೆ ಇದೆ. ನಾಲ್ಕೂ ಮೂಲೆಗೆ ಒಂದೊಂದು ಊರು. ಇದೇ ಅಲ್ವಾ ನನಗೆ ಬೇಕಾದ ಗ್ರಾಫ್!

ಮರುದಿನ ಹಾಸನವನ್ನು ಮೂಲಬಿಂದು, ಅಂದರೆ ಎಣಿಕೆ ಶುರುವಾಗುವ (0, 0) ಅಂದೆವು. ಬಲಕ್ಕೆ ಪೂರ್ವ, ಮೇಲಕ್ಕೆ ಉತ್ತರ. ಹಾಳೆಯ 1 ಸೆಂಟಿಮೀಟರ್‌ಗೆ 5 ಕಿಲೋಮೀಟರ್. ಕಿಲೋಮೀಟರ್ ಲೆಕ್ಕದಲ್ಲಿ ಅರಸೀಕೆರೆ ಸುಮಾರು (17, 34), ಬೇಲೂರು (-25, 18), ಸಕಲೇಶಪುರ (-34, -7), ಚನ್ನರಾಯಪಟ್ಟಣ (31, -11). ನಾಲ್ಕು ಊರು, ನಾಲ್ಕು ಚತುರ್ಥಕ (ಅಡ್ಡ ಗೆರೆ, ನೆಟ್ಟ ಗೆರೆ ಸೇರಿ ಹಾಳೆಯನ್ನು ಮಾಡುವ ನಾಲ್ಕು ಭಾಗ). ಮೈನಸ್ ಅಂದರೆ 'ಕಡಿಮೆ' ಅಂದುಕೊಂಡಿದ್ದ ಮಕ್ಕಳಿಗೆ ಅದು ಪಡುವಣದ ದಾರಿ, ತೆಂಕಣದ ದಾರಿ ಅಂತ ತಾನಾಗಿಯೇ ಗೊತ್ತಾಯಿತು. ಬೇಲೂರಿಗೆ ಎಡಕ್ಕೆ ಹೋಗಿ ಮೇಲೆ ಹತ್ತಬೇಕು, ಅಷ್ಟೇ.

ಕ್ರಮದ ತಪ್ಪು ಮಾತ್ರ ಸುಮ್ನೆ ಹೋಗಲಿಲ್ಲ. ಒಬ್ಬ ಹುಡುಗ ಸಕಲೇಶಪುರವನ್ನು (-7, -34)ಕ್ಕೆ ಹಾಕಿದ. ನಕ್ಷೆ ತೋರಿಸಿ, "ಇದು ಯಾವ ಕಡೆ?" ಅಂದೆ. "ಅರಕಲಗೂಡಿನ ಆಚೆ" ಅಂದ. ಘಾಟಿ ಬಾಗಿಲಲ್ಲಿರುವ ಊರು ಅಲ್ಲಿ ಹೇಗಿರುತ್ತದೆ? ಅವನೇ ಅಳಿಸಿ ತಿದ್ದಿದ. ನಾನು ನಿಯಮ ಹೇಳಲೇ ಇಲ್ಲ. ತಪ್ಪು ಜಾಗದಲ್ಲಿ ಕೂತ ಊರೇ ಅವನಿಗೆ ಹೇಳಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಮೊಬೈಲ್ ನಕ್ಷೆಯಲ್ಲಿ ಬೇಲೂರಿನ ಮೇಲೆ ಒತ್ತಿ ಹಿಡಿದರೆ 13.16, 75.86ರ ಆಸುಪಾಸಿನ ಅಂಕಿಗಳು ಬರುತ್ತವೆ. ಅಲ್ಲಿ ಮೊದಲು ಬರುವುದು ಅಕ್ಷಾಂಶ, ಅಂದರೆ ಉತ್ತರ-ದಕ್ಷಿಣದ ಲೆಕ್ಕ. ನಮ್ಮ ಗ್ರಾಫ್‌ನಲ್ಲಿ ಮೊದಲು ಅಡ್ಡ, ಆಮೇಲೆ ನೆಟ್ಟಗೆ. ಊರುಗಳ ಅಂಕಿ ತೆಗೆಯುವಾಗ ನಾನೇ ಎರಡು ಸಲ ಅದಲುಬದಲು ಮಾಡಿದೆ. ಅಕ್ಷಾಂಶದ 1 ಡಿಗ್ರಿ ಸುಮಾರು 111 ಕಿಲೋಮೀಟರ್, ನಮ್ಮ ಕಡೆ ರೇಖಾಂಶದ 1 ಡಿಗ್ರಿ ಸುಮಾರು 108. ಈ ಲೆಕ್ಕದಿಂದಲೇ ಮೇಲಿನ ಅಂಕಿಗಳು ಬಂದದ್ದು.

ಕೊನೆಗೆ ಒಬ್ಬ ಹುಡುಗಿ, "ನಮ್ಮಜ್ಜಿ ಊರು ಬೇಲೂರು. ಅದನ್ನೇ ಸೊನ್ನೆ ಮಾಡಿದ್ರೆ ಏನಾಗುತ್ತೆ ಟೀಚರ್?" ಅಂದಳು. ನನಗೆ ತುಂಬ ಖುಷಿಯಾಯಿತು. ಹಳೇಬೀಡನ್ನು ಹಿಡಿದುಕೊಂಡೆವು. ಹಾಸನದಿಂದ ಅದು ಸುಮಾರು (-11, 23), ಎರಡನೇ ಚತುರ್ಥಕ. ಬೇಲೂರಿನಿಂದ (14, 5), ಮೊದಲನೆಯದು. ಹಳೇಬೀಡು ಇದ್ದಲ್ಲೇ ಇದೆ, ಅಂಕಿಗಳಷ್ಟೇ ಬದಲಾದವು. ಅದೇಕೆ ಅಂತ ಆ ಹುಡುಗಿಯೇ ಬೋರ್ಡಿಗೆ ಬಂದು ವಿವರಿಸಿದಳು. 25 ಕೂಡಿಸಿ, 18 ಕಳೆದು ತೋರಿಸಿದಳು.