ಉಗ್ರಾಣದ ಚಿತ್ರಗಳನ್ನು ತಾಲೂಕು ಸುತ್ತಿಸಿದ್ದು: ನಮ್ಮ ಅನುಭವ

ದಾವಣಗೆರೆಯ ಉಗ್ರಾಣದಲ್ಲಿದ್ದ ಸಾರ್ವಜನಿಕ ಸಂಗ್ರಹದ 28 ಸಮಕಾಲೀನ ಕೃತಿಗಳು ಜಗಳೂರು, ಚಳ್ಳಕೆರೆ, ಹಿರಿಯೂರು, ಹೊಸದುರ್ಗ ಸುತ್ತಿ ವಾಪಸ್ ಬಂದಿವೆ. ತಗಡಿನ ಸಭಾಂಗಣದಲ್ಲಿ ಕ್ಯಾನ್ವಾಸ್ ಉಳಿಯಲ್ಲ ಅಂದವರೇ ಹೆಚ್ಚು. ಬಣ್ಣ ಎಲ್ಲೂ ಉದುರಿಲ್ಲ, ಒಂದು ಫ್ರೇಮಿನ ಮೂಲೆ ಮಾತ್ರ ಚಕ್ಕೆ ಎದ್ದಿದೆ.

ಮೊದಲು ಕೈಸುಟ್ಟಿದ್ದು ಶಾಮಿಯಾನದ ಪೈಪಿನಲ್ಲಿ. ಬಟ್ಟೆ ಬಿಗಿದು ನೈಲಾನ್ ದಾರಕ್ಕೆ ಚಿತ್ರ ಇಳಿಬಿಟ್ಟರೆ, ಫ್ಯಾನ್ ತಿರುಗಿದ ಕೂಡಲೇ ತೂಗಾಡಿದವು, ಭಾರದ ಫ್ರೇಮುಗಳು ಮುಂದಕ್ಕೆ ವಾಲಿದವು. ಹತ್ತಿರ ಹತ್ತಿರ 18 ಸಾವಿರ ನೀರುಪಾಲು. ಆಮೇಲೆ ಗ್ರಿಲ್ ಅಂಗಡಿಯಲ್ಲಿ ಒಂದಿಂಚಿನ ಚೌಕ ಪೈಪಿನಿಂದ ಚಿತ್ರ ತೂಗುಹಾಕಲು 7 ಅಡಿ ಎತ್ತರ, 4 ಅಡಿ ಅಗಲದ ಚೌಕಟ್ಟು ಮಾಡಿಸಿ 6 ಎಂಎಂ ಪ್ಲೈವುಡ್ ಹೊಡೆಸಿದೆವು. 12 ಎಂಎಂ ಬೇಡ, ಹಾಳೆಯ ಭಾರ ಇಮ್ಮಡಿ. ಮೂರು ಮೂರಕ್ಕೆ ಬಿಜಾಗರಿ ಹಾಕಿ ಅಂಕುಡೊಂಕಾಗಿ ನಿಲ್ಲಿಸಬೇಕು, ನೇರ ಸಾಲು ಗಾಳಿಗೆ ಮಗುಚುತ್ತದೆ. 15 ಚೌಕಟ್ಟಿಗೆ 45 ಸಾವಿರದ ಆಸುಪಾಸು. ಹುಡುಗರು ಎತ್ತಿದರೂ ಕಳಚದ ಕೊಕ್ಕೆಯೊಂದನ್ನು ತಂತಿಯಲ್ಲೇ ಮಡಿಸಿದ್ದೇವೆ, ಆ ಮಡಿಕೆ ಸದ್ಯ ನಮ್ಮಲ್ಲೇ ಇರಲಿ. ಚಿತ್ರದ ನಡು ನೆಲದಿಂದ ನಾಲ್ಕೂವರೆ ಅಡಿಗೆ ಬರಲಿ. ಗ್ಯಾಲರಿಯ ಐದಡಿ ಲೆಕ್ಕ ಶಾಲೆ ಮಕ್ಕಳಿಗೆ ಎತ್ತರವಾಗುತ್ತದೆ.

ಪ್ಯಾಕಿಂಗ್‌ನಲ್ಲಿ ಕಲಿತಿದ್ದು ದುಬಾರಿ ಪಾಠ. ಬಿಸಿಲಿಗೆ ಅಕ್ರಿಲಿಕ್ ಬಣ್ಣ ಮೆತ್ತಗಾಗುತ್ತದೆ. ಬಬಲ್ ಶೀಟಿನ ಗುಳ್ಳೆ ಒಳಮುಖವಾಗಿದ್ದ ಒಂದು ಕೃತಿಯ ಕಪ್ಪು ಭಾಗದಲ್ಲಿ ಸಾಲು ಸಾಲು ಉಂಗುರದ ಗುರುತು ಬಿದ್ದಿತ್ತು. ಅದು ಪ್ರಯೋಗಕ್ಕೆಂದೇ ಇಟ್ಟ ಹಲಗೆ, ಬದುಕಿದೆವು. ಈಗ ಬಣ್ಣಕ್ಕೆ ಏನೂ ತಾಗುವುದಿಲ್ಲ: ಗೂಡುಗಳಿರುವ ಪೆಟ್ಟಿಗೆ, ಗೂಡಿನ ಅಂಚಿಗೆ ಫೆಲ್ಟ್ ಎಂಬ ಮೆತ್ತನೆ ಬಟ್ಟೆಯ ಪಟ್ಟಿ, ಫ್ರೇಮಷ್ಟೇ ಅದಕ್ಕೆ ಒರಗುತ್ತದೆ. ಕ್ಯಾನ್ವಾಸಿನ ಬೆನ್ನಿಗೆ 5 ಎಂಎಂ ಸನ್‌ಪ್ಯಾಕ್ ಶೀಟನ್ನು (ಒಳಗೆ ಟೊಳ್ಳಿರುವ ಪ್ಲಾಸ್ಟಿಕ್ ಹಾಳೆ) ಮರದ ಪಟ್ಟಿಗೆ ಸ್ಕ್ರೂ ಹಾಕಿ ಕೂರಿಸಿದರೆ ಅದುರುವುದು ಕಡಿಮೆಯಾಗುತ್ತದೆ. ಗಾಜಿನ ಮೇಲೆ ಮಾಸ್ಕಿಂಗ್ ಟೇಪ್ ಅಡ್ಡಡ್ಡ ಅಂಟಿಸಿ, ಗಾಜಿನ ಬದಲು ಹಾಕುವ ಅಕ್ರಿಲಿಕ್ ಶೀಟಿಗೆ ಅಂಟಿಸಬೇಡಿ. ಇದ್ದಿಲು, ಒಣ ಪೇಸ್ಟಲ್ ಚಿತ್ರಗಳಿಗಂತೂ ಅಕ್ರಿಲಿಕ್ ಶೀಟೇ ಬೇಡ, ಪುಡಿಯನ್ನು ಎಳೆದುಕೊಳ್ಳುತ್ತದೆ.

ಗಾಡಿಯಲ್ಲಿ ಚಿತ್ರ ನಿಂತೇ ಸಾಗಬೇಕು, ಗಾಡಿ ಹೋಗುವ ದಿಕ್ಕಿಗೆ ಉದ್ದುದ್ದ. ಅಡ್ಡಕ್ಕಿಟ್ಟರೆ ಪ್ರತಿ ಬ್ರೇಕಿಗೂ ಕ್ಯಾನ್ವಾಸ್ ಹೊಟ್ಟೆ ಮುಂದೆ ಹಿಂದೆ ಆಡುತ್ತದೆ. ಬೆಳಗಿನ ಐದಕ್ಕೆ ಹೊರಟು ಬಿಸಿಲೇರುವ ಮೊದಲೇ ಇಳಿಸಿದೆವು. ಪೆಟ್ಟಿಗೆಯಡಿ ಚಳ್ಳಕೆರೆಯ ಕಂಬಳಿ ನಾಲ್ಕು ಮಡಿಕೆ ಹಾಸಿ ನೋಡಿದೆವು. ಮೇಲಿಟ್ಟ ಲೋಟದ ನೀರು ಥರ್ಮೋಕೋಲಿಗಿಂತ ಕಡಿಮೆ ತುಳುಕಿತು. ಆದರೆ ಕಂಬಳಿ ಪೆಟ್ಟಿಗೆಯ ಒಳಗೆ ಹೋಗಕೂಡದು. ಉಣ್ಣೆಗೆ ನುಸಿ ಬರುತ್ತದೆ.

ಹೆಚ್ಚು ಕಾಲ ತಿಂದದ್ದು ವಿಮೆ. ದಾಸ್ತಾನು ಪುಸ್ತಕದಲ್ಲಿ ಹಳೆಯ ಖರೀದಿ ಬೆಲೆಯೇ ಇರುತ್ತದೆ, ಮೂರು ಸಾವಿರ, ಐದು ಸಾವಿರ. ಆ ಲೆಕ್ಕದಲ್ಲಿ ವಿಮೆ ಮಾಡಿಸಿದರೆ ಹಾನಿಯಾದಾಗ ಫ್ರೇಮಿನ ದುಡ್ಡೂ ಬರದು. ಮೊದಲು ಸಮಿತಿ ಕೂರಿಸಿ ಇಂದಿನ ಮೌಲ್ಯ ಬರೆಸಿ. ನಮಗೆ ಮೂರು ತಿಂಗಳು ಹಿಡಿಯಿತು. ಪಾಲಿಸಿ ಮೊಳೆಯಿಂದ ಮೊಳೆಗೆ ಇರಲಿ: ಉಗ್ರಾಣದ ಗೋಡೆಯಿಂದ ಇಳಿಸಿದ ಗಳಿಗೆಯಿಂದ ಮತ್ತೆ ಅಲ್ಲೇ ತೂಗುಹಾಕುವವರೆಗೆ. ಬರೀ ಸಾಗಾಟದ ವಿಮೆ ಸಭಾಂಗಣದೊಳಗಿನ ಹಾನಿಗೆ ಬರುವುದಿಲ್ಲ.

ಪ್ರತಿ ಊರಲ್ಲಿ ಇಳಿಸುವಾಗ, ಏರಿಸುವಾಗ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. ಎದ್ದ ಚಕ್ಕೆ, ಬಿರುಕು ಎದುರು ಬೆಳಕಿಗೆ ಕಾಣವು. ವಾಪಸ್ ಬಂದ ಮೇಲೆ ಪೆಟ್ಟಿಗೆಗಳನ್ನು ಒಂದು ಹಗಲು ಒಂದು ರಾತ್ರಿ ಮುಚ್ಚಿಯೇ ಇಡಿ. ಉಗ್ರಾಣದ ಹವೆಗೆ ಮರ, ಬಟ್ಟೆ ಹೊಂದಿಕೊಂಡ ಮೇಲೆ ತೆರೆಯಿರಿ.