ಹದಿನಾಲ್ಕು ಹಲಗೆಗಳ ಡೆಡ್‌ಲಿಫ್ಟ್: ನನ್ನ ಅನುಭವ

ನಲವತ್ತೆಂಟನೆಯ ವಯಸ್ಸಿನಲ್ಲಿ, ಅದೂ ಸೊಂಟದ ಡಿಸ್ಕ್ ಉಬ್ಬಿದೆಯೆಂದು ಸ್ಕ್ಯಾನಿಂಗ್‌ನಲ್ಲಿ ಬಂದ ಮೇಲೆ ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರದ ರಾಡನ್ನು ನೆಟ್ಟಗೆ ನಿಲ್ಲುವವರೆಗೆ ಎತ್ತುವ ವ್ಯಾಯಾಮ) ಕಲಿಯುತ್ತೇನೆ ಎಂದಾಗ ಬೆಂಬಲಿಸಿದವರು ಒಬ್ಬರೂ ಇರಲಿಲ್ಲ. ವೈದ್ಯರು ಐದು ಕಿಲೋಕ್ಕಿಂತ ಹೆಚ್ಚಿನದನ್ನು ಮುಟ್ಟಬೇಡಿ ಎಂದಿದ್ದರು. ತಂಗಿಯ ಗಂಡ, ನಮ್ಮ ಭಾವ, “ಆ ಹಣವನ್ನು ಅಂಗಡಿಗೆ ಹಾಕಿ ಭಾವ, ಸೊಂಟ ಮುರಿದುಕೊಂಡರೆ ಮೂಟೆ ಎಣಿಸಲು ಸಹ ಆಗಲಿಕ್ಕಿಲ್ಲ” ಎಂದು ಎಲ್ಲರೆದುರು ಹೇಳಿದ್ದರು. ಇಂದು ನಾನು 110 ಕಿಲೋವನ್ನು ಐದು ಬಾರಿ, ಬೆನ್ನು ಬಾಗದಂತೆ ಎತ್ತುತ್ತೇನೆ. ನನ್ನ ತೂಕ 71 ಕಿಲೋ. ಇದನ್ನು ಸಾಧಿಸಿದ ಬಗೆ ನಮ್ಮ ಊರಿನ ಜಿಮ್‌ಗಳಲ್ಲಿ ಯಾರೂ ಮಾಡುವುದನ್ನು ನಾನು ಕಂಡಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಮಂಗಳೂರಿನ ಬಂದರಿನಲ್ಲಿ ನನ್ನದು ಅಕ್ಕಿಯ ಅಂಗಡಿ. ಐವತ್ತು ಕಿಲೋದ ಮೂಟೆಗಳ ನಡುವೆ ಇಪ್ಪತ್ತು ವರ್ಷ ಕಳೆದವನು ನಾನು. ಬೆನ್ನು ಕೆಟ್ಟದ್ದು ಮಾತ್ರ ಮೂಟೆ ಎತ್ತಿ ಅಲ್ಲ, ದಿನವಿಡೀ ಗಲ್ಲೆಯಲ್ಲಿ ಕುಳಿತು, ಸಂಜೆ ಕೆಲಸದವರು ಇಲ್ಲದಾಗ ಎದ್ದವನೇ ಬಗ್ಗಿ ಒಂದು ಮೂಟೆ ಎಳೆದು. ನೋವು ಕಾಲಿಗೆ ಇಳಿದಿರಲಿಲ್ಲ, ಜೋಮು ಹಿಡಿದಿರಲಿಲ್ಲ. ಹಾಗಿದ್ದಿದ್ದರೆ ಈ ಸಾಹಸಕ್ಕೆ ನಾನು ಕೈಹಾಕುತ್ತಿರಲಿಲ್ಲ, ನೀವೂ ಹಾಕಬಾರದು. ಆರು ವಾರ ವಿಶ್ರಾಂತಿ ಪಡೆದೆ. ನೋವು ಹೋಯಿತು, ಭಯ ಉಳಿಯಿತು.

ಮೊದಲು ಹಣ ಕಳೆದುಕೊಂಡ ಕಥೆ. ಒಂದು ಜಿಮ್‌ನಲ್ಲಿ ವೈಯಕ್ತಿಕ ತರಬೇತಿಗೆ ತಿಂಗಳಿಗೆ ಆರು ಸಾವಿರದಂತೆ ಮೂರು ತಿಂಗಳು ಕೊಟ್ಟೆ. ಅಲ್ಲಿನ ತರಬೇತುದಾರರು ಎರಡನೆಯ ವಾರದಲ್ಲೇ ನೆಲದಿಂದ 60 ಕಿಲೋ ಎಳೆಸಿದರು. ನನ್ನ ಬೆನ್ನು ಬಿಲ್ಲಿನಂತೆ ಬಾಗಿದ್ದನ್ನು ಪಕ್ಕದಲ್ಲಿ ನಿಂತ ಹುಡುಗನೊಬ್ಬ ಮೊಬೈಲಿನಲ್ಲಿ ತೆಗೆದಿದ್ದ. ಮೂರು ದಿನ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಅನಂತರ ಸಾವಿರದ ಎಂಟುನೂರು ಕೊಟ್ಟು ಚರ್ಮದ ಬೆಲ್ಟ್ ಕೊಂಡೆ. ಬಾಗುವ ಬೆನ್ನು ಬೆಲ್ಟಿನೊಳಗೂ ಬಾಗುತ್ತದೆ. ಮನೆಯಲ್ಲೇ ಮಾಡುವುದೆಂದು ಅಗ್ಗದ ಆರಡಿ ರಾಡ್ ಒಂದನ್ನು ತಂದೆ, ಅದು 80 ಕಿಲೋ ತಾಳಲಾರದೆ ನಡುವೆ ಬಗ್ಗಿತು. ಕೊನೆಗೆ ಸುಮಾರು ಎಂಟು ಸಾವಿರಕ್ಕೆ ಇಪ್ಪತ್ತು ಕಿಲೋದ ಒಳ್ಳೆಯ ರಾಡ್, ಕಿಲೋಗೆ ನೂರಿಪ್ಪತ್ತರ ಲೆಕ್ಕದಲ್ಲಿ ಹತ್ತು ಕಿಲೋದ ಎಂಟು ಕಬ್ಬಿಣದ ಪ್ಲೇಟ್‌ಗಳು ಮತ್ತು ಕೆಲವು ಚಿಲ್ಲರೆ ಪ್ಲೇಟ್‌ಗಳು ಬಂದವು. ಒಟ್ಟಿನಲ್ಲಿ ನಲವತ್ತೆರಡು ಸಾವಿರದಷ್ಟು ಹೋಗಿರಬಹುದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವ್ಯರ್ಥ.

ತಪ್ಪು ಎಲ್ಲಿದೆಯೆಂದು ಹೊಳೆದದ್ದು ಒಂದು ಅಳತೆಯ ಟೇಪಿನಿಂದ. ಸ್ಪರ್ಧೆಯ ದೊಡ್ಡ ಪ್ಲೇಟಿನ ವ್ಯಾಸ 45 ಸೆಂಟಿಮೀಟರ್; ಆದ್ದರಿಂದ ರಾಡಿನ ನಡುಗೆರೆ ನೆಲದಿಂದ ಇಪ್ಪತ್ತೆರಡೂವರೆ ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ನನ್ನ ಹತ್ತು ಕಿಲೋದ ಪ್ಲೇಟಿನಲ್ಲಿ ಅದು ಹದಿನಾಲ್ಕೂವರೆಯ ಆಸುಪಾಸಿನಲ್ಲಿತ್ತು. ಅಂದರೆ ಸಣ್ಣ ಪ್ಲೇಟ್ ಹಾಕಿ ನೆಲದಿಂದ ಎಳೆಯುವ ಹೊಸಬನು, ಪದಕ ಗೆಲ್ಲುವವರು ಬಗ್ಗುವುದಕ್ಕಿಂತ ಎಂಟು ಸೆಂಟಿಮೀಟರ್ ಹೆಚ್ಚು ಬಗ್ಗುತ್ತಿದ್ದಾನೆ. ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರ ಎತ್ತುವ ಸ್ಪರ್ಧೆಯ 56 ಕಿಲೋ ವಿಭಾಗದಲ್ಲಿ, ಒಂದೇ ಎಳೆತಕ್ಕೆ ತಲೆಯ ಮೇಲೆತ್ತುವ ಸ್ನ್ಯಾಚ್‌ನಲ್ಲಿ 111, ಎರಡು ಹಂತದಲ್ಲಿ ಎತ್ತುವ ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದಾಗ ನಮ್ಮ ಕಡೆಯ ಹುಡುಗರೆಲ್ಲ ಆ ಅಂಕಿಗಳನ್ನೇ ಹೇಳುತ್ತಿದ್ದರು. ಅಂಥವರ ರಾಡ್ ಯಾವ ಎತ್ತರದಿಂದ ಹೊರಡುತ್ತದೆ ಎಂದು ಕೇಳಿದವರನ್ನು ನಾನು ಕಾಣೆ.

ಹಾಗಾಗಿ ಹೆಬ್ಬಲಸಿನ ಮುಕ್ಕಾಲು ಇಂಚಿನ ಹಲಗೆಗಳನ್ನು ಮಾಡಿಸಿದೆ, ಒಂದೊಂದು ಬದಿಗೆ ಹದಿನಾಲ್ಕು. (ಮೊದಲು ಪ್ಲೈವುಡ್ ತಂದಿದ್ದೆ, ನಮ್ಮ ಜೂನ್ ತಿಂಗಳ ತೇವಕ್ಕೆ ಅದು ಪದರ ಬಿಟ್ಟು ಉಬ್ಬಿ, ಎರಡು ಬದಿಯ ಎತ್ತರ ಬೇರೆ ಬೇರೆಯಾಯಿತು.) ಪ್ಲೇಟ್‌ಗಳ ಕೆಳಗೆ ಹದಿನಾಲ್ಕೂ ಹಲಗೆ ಪೇರಿಸಿದಾಗ ರಾಡ್ ಮೊಣಕಾಲ ಚಿಪ್ಪಿಗಿಂತ ಸ್ವಲ್ಪ ಕೆಳಗೆ ಬರುತ್ತದೆ. ಅಲ್ಲಿ ಬೆನ್ನು ಹೆಚ್ಚು ಬಗ್ಗಬೇಕಿಲ್ಲ, ಆದ್ದರಿಂದ ಸೊಂಟದ ಮೇಲಿನ ಭಾರವೂ ಕಡಿಮೆ. 40 ಕಿಲೋದಿಂದ ಆರಂಭಿಸಿ, ವಾರಕ್ಕೆ ಎರಡೇ ದಿನ, ಒಮ್ಮೆಗೆ ಐದು ಬಾರಿ ಎತ್ತುವಂತೆ ಮೂರು ಸೆಟ್. ಪ್ರತಿ ಸಲ ಎರಡೂವರೆ ಕಿಲೋ ಏರಿಕೆ. ಮೂರ್ನಾಲ್ಕು ವಾರ ಬೆನ್ನು ಅಲುಗಾಡದೆ ನಿಂತರೆ ಎರಡೂ ಬದಿಯಿಂದ ಒಂದೊಂದು ಹಲಗೆ ತೆಗೆದು, ತೂಕ ಇಳಿಸಿ ಮತ್ತೆ ಏರುವುದು. ಎಷ್ಟು ಇಳಿಸಬೇಕೆಂಬ ಲೆಕ್ಕವನ್ನು ಎರಡು ಬಾರಿ ಪೆಟ್ಟು ತಿಂದು ಕಂಡುಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಎದುರು ನಿಂತು ಎತ್ತುವವರನ್ನು ನೋಡಿಯೇ ಹೇಳುತ್ತೇನೆ.

ಮೊದಲ ಪೆಟ್ಟು ಬಿದ್ದದ್ದು ಹಲಗೆಯ ಮೇಲಿಂದ ಪ್ಲೇಟ್ ಉರುಳಿ. ದುಂಡಗಿನ ವಸ್ತು ನುಣುಪು ಮರದ ಮೇಲೆ ನಿಲ್ಲುವುದಿಲ್ಲ ಎಂಬುದು ಮೊಣಕಾಲ ಕೆಳಗಿನ ಸಿಪ್ಪೆ ಸುಲಿದ ಮೇಲೆ ತಿಳಿಯಿತು. ಮೇಲಿನ ಹಲಗೆಗೆ ಹಿಂದೆ ಮುಂದೆ ಒಂದೊಂದು ಪಟ್ಟಿ ಹೊಡೆಸಿದೆ. ಎರಡನೆಯದು ಅವಸರದಿಂದ: ಒಂಬತ್ತನೆಯ ಹಲಗೆಯಿಂದ ಒಮ್ಮೆಲೇ ಆರಕ್ಕೆ ಇಳಿದೆ, ಸೊಂಟ ಹಿಡಿಯಿತು, ಐದು ವಾರ ಹೋಯಿತು, ಮತ್ತೆ ಹನ್ನೆರಡಕ್ಕೆ ಏರಿದೆ. 2023ರ ಜನವರಿಯಲ್ಲಿ ಆರಂಭಿಸಿದವನು ಕೊನೆಯ ನಾಲ್ಕು ಹಲಗೆಗೆ ತಲುಪಿದ್ದು ಮುಂದಿನ ವರ್ಷದ ಮಾರ್ಚಿನಲ್ಲಿ. ಆ ನಾಲ್ಕನ್ನು ನಾನು ತೆಗೆಯುವುದಿಲ್ಲ, ಏಕೆಂದರೆ ಸ್ಪರ್ಧೆಯ ಎತ್ತರ ಅಲ್ಲಿಗೇ ಬರುತ್ತದೆ.

ಎತ್ತುವ ಕ್ರಮ ನಿಮಗೆಲ್ಲ ಗೊತ್ತಿರುವುದೇ. ನನಗೆ ಕೆಲಸ ಕೊಟ್ಟ ಒಂದೆರಡು ಸಂಗತಿಗಳನ್ನಷ್ಟೇ ಹೇಳುತ್ತೇನೆ. ಪಾದದ ನಡುವಿನ ಮೇಲೆ ರಾಡ್ ಇರಬೇಕು ಎಂಬುದನ್ನು ಮೆತ್ತನೆಯ ಓಟದ ಶೂ ಹಾಳು ಮಾಡುತ್ತದೆ, ನಾನು ಬರಿಗಾಲಿನಲ್ಲಿ ನಿಲ್ಲುತ್ತೇನೆ. ಕಂಕುಳಲ್ಲಿ ಮಡಚಿದ ಕೊಡೆ ಜಾರದಂತೆ ಒತ್ತಿ ಹಿಡಿಯುತ್ತೇವಲ್ಲ, ಎರಡೂ ಕಂಕುಳಿಗೆ ಅದೇ ಬಿಗಿ ಬಂದರೆ ರಾಡ್ ಮೈಬಿಟ್ಟು ಮುಂದೆ ಹೋಗುವುದಿಲ್ಲ. ಎಳೆಯುವ ಮೊದಲು ರಾಡ್ ಪ್ಲೇಟಿನ ತೂತಿಗೆ ತಾಗಿ ‘ಟಕ್’ ಎನ್ನುವವರೆಗೆ ಕೈಗಳನ್ನು ಬಿಗಿಗೊಳಿಸಬೇಕು. ಆ ಸದ್ದು ಕೇಳಿಸದೆ ನಾನು ಎಂದೂ ಎತ್ತಿದ್ದಿಲ್ಲ. ಬೆನ್ನಿಗೆ ಪಿವಿಸಿ ಪೈಪಿನ ತುಂಡನ್ನು ಇಟ್ಟು ತಲೆ, ಬೆನ್ನಿನ ಮೇಲ್ಭಾಗ, ಬಾಲಮೂಳೆ ಮೂರೂ ತಾಗಿಕೊಂಡೇ ಇರುವಂತೆ ಸೊಂಟ ಹಿಂದಕ್ಕೆ ತಳ್ಳಿ ಬಗ್ಗುವುದನ್ನು ಪ್ರತಿದಿನ ಇಪ್ಪತ್ತು ಬಾರಿ ಮಾಡುತ್ತಿದ್ದೆ. ಉಸಿರು ಹೊಟ್ಟೆಗೆ ತುಂಬಿ ಹಿಡಿದು ಎತ್ತುವುದು ನನಗೆ ಸರಿಹೋಯಿತು, ಆದರೆ ಹಾಗೆ ಹಿಡಿದಾಗ ರಕ್ತದೊತ್ತಡ ಏರುತ್ತದೆ. ಬಿಪಿ ಇರುವವರು ವೈದ್ಯರನ್ನು ಕೇಳದೆ ಅದನ್ನು ಮಾಡಬಾರದು.

ಬೆಳಿಗ್ಗೆ ಐದಕ್ಕೆ ಎದ್ದವನೇ ರಾಡ್ ಹಿಡಿಯುತ್ತಿದ್ದೆ, ಸೊಂಟ ಮರದಂತಿರುತ್ತಿತ್ತು. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿಕೊಂಡು ಊದಿರುತ್ತವೆ, ಎದ್ದ ಕೂಡಲೇ ಬಗ್ಗಿದರೆ ಒತ್ತಡ ಹೆಚ್ಚು. ಎದ್ದು ಒಂದು ಗಂಟೆ ಓಡಾಡಿದ ಮೇಲೆ ಆರಂಭಿಸುವುದೆಂದು ಬದಲಿಸಿದೆ, ಆ ಬಿಗಿ ಮತ್ತೆ ಬರಲಿಲ್ಲ. ಇಪ್ಪತ್ತು ಲೀಟರಿನ ಎರಡು ನೀರಿನ ಕ್ಯಾನ್ ಹಿಡಿದು ಅಂಗಳದಲ್ಲಿ ನಡೆಯುವ ಪ್ರಯೋಗವೂ ಹಿಡಿತಕ್ಕೆ ಚೆನ್ನಾಗಿ ಒದಗಿತು. ಮಳೆಗಾಲದಲ್ಲಿ ಬೆವರಿಗೆ ಕೈಜಾರುವುದು, ಚಾಕ್ ಪುಡಿ ಮುದ್ದೆಯಾಗುವುದು ನಮ್ಮ ಕರಾವಳಿಯವರಿಗೆಲ್ಲ ತಿಳಿದದ್ದೇ. ಅದಕ್ಕೆ ನಾನು ಒಂದು ಮಿಶ್ರಣ ಮಾಡಿಕೊಂಡಿದ್ದೇನೆ; ಅದು ಸದ್ಯ ನನ್ನ ಬಳಿಯೇ ಇರಲಿ. ತುಕ್ಕಿಗೆ ಮಾತ್ರ ವಾರಕ್ಕೊಮ್ಮೆ ಬ್ರಷ್‌ನಿಂದ ಉಜ್ಜಿ ಯಂತ್ರದ ಎಣ್ಣೆಯನ್ನು ತೆಳುವಾಗಿ ಒರೆಸಿದರೆ ಸಾಕು.

ಊಟದಲ್ಲಿ ಡಬ್ಬದ ಪುಡಿ ಯಾವುದನ್ನೂ ಸೇರಿಸಲಿಲ್ಲ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿಯೊಂದಿಗೆ ಎರಡು ಮೊಟ್ಟೆ ಮತ್ತು ಹೆಸರುಕಾಳಿನ ಪಲ್ಯ, ಮಧ್ಯಾಹ್ನ ಬಂಗುಡೆ ಅಥವಾ ಬೂತಾಯಿ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆಯಿರುವಾಗ ಮೀನಿನ ಬೆಲೆ ಏರುತ್ತದೆ, ಆಗ ಮೊಟ್ಟೆ ನಾಲ್ಕಾಗುತ್ತದೆ, ಕಡಲೆ ಬರುತ್ತದೆ. ಗಲ್ಲೆಯ ಕೈಗೆಟಕುವಂತಿದ್ದ ಲೆಕ್ಕದ ಪುಸ್ತಕವನ್ನು ಎದುರಿನ ಗೋಡೆಯ ಕಪಾಟಿಗೆ ಸ್ಥಳಾಂತರಿಸಿದೆ. ದಿನಕ್ಕೆ ಮೂವತ್ತು ಸಲವಾದರೂ ಏಳಲೇಬೇಕು. ನನ್ನ ಸೊಂಟಕ್ಕೆ ರಾಡಿನಷ್ಟೇ ಉಪಕಾರ ಈ ಕಪಾಟಿನಿಂದ ಆಗಿದೆಯೆಂದು ನಂಬಿದ್ದೇನೆ. ರಾತ್ರಿ ಊಟದ ಬಳಿಕ ಇಪ್ಪತ್ತು ನಿಮಿಷದ ನಡಿಗೆ, ಹತ್ತಕ್ಕೆ ನಿದ್ದೆ.

ಮೂಟೆ ಇಳಿಸುವ ಹಿರಿಯರೊಬ್ಬರು ನಾನು ಎತ್ತುವುದನ್ನು ಒಂದು ದಿನ ನೋಡುತ್ತಾ ನಿಂತು, “ಧಣಿಗಳೇ, ನಾವು ಮೂಟೆಯನ್ನು ಮೊದಲು ಲಾರಿಯ ಹಲಗೆಯ ಎತ್ತರದಿಂದಲೇ ಬೆನ್ನಿಗೆ ತೆಗೆದುಕೊಳ್ಳಲು ಕಲಿತದ್ದು, ನೆಲದಿಂದ ಎತ್ತಲು ಹೊಸಬರನ್ನು ಬಿಡುತ್ತಿರಲಿಲ್ಲ” ಎಂದರು. ನಾನು ಹದಿನಾಲ್ಕು ತಿಂಗಳು ತಿಣುಕಿ ಕಂಡುಕೊಂಡದ್ದು ನನ್ನ ಅಂಗಡಿಯ ಬಾಗಿಲಲ್ಲೇ ಇತ್ತು. ಅವರನ್ನು ಮೊದಲೇ ಕೇಳಬೇಕಿತ್ತು.

ಕಳೆದ ತಿಂಗಳು ಭಾವ ಮನೆಗೆ ಬಂದವರು ಮೂಲೆಯಲ್ಲಿ ಪೇರಿಸಿಟ್ಟಿದ್ದ ಹಲಗೆಗಳನ್ನು ನೋಡಿದರು. ಅವರಿಗೆ ಬಿಪಿ ಇದೆ, ಗುಳಿಗೆ ನಡೆಯುತ್ತಿದೆ. ವೈದ್ಯರನ್ನು ಕೇಳಿ ಬಂದಿದ್ದೇನೆ, ಉಸಿರು ಹಿಡಿಯದೆ ಹಗುರವಾಗಿ ಮಾಡಬಹುದಂತೆ ಎಂದರು. ನಾನು ತೆಗೆದಿಟ್ಟ ಹತ್ತು ಜೊತೆ ಹಲಗೆಗಳು ಈಗ ಅವರ ಕಾರಿನ ಡಿಕ್ಕಿಯಲ್ಲಿ ಸುರತ್ಕಲ್‌ಗೆ ಹೋಗಿವೆ. ಉಳಿದ ನಾಲ್ಕು ಜೊತೆಯನ್ನು ಅವರು ಅದೇ ಬಡಗಿಯ ಬಳಿ ಮಾಡಿಸಿಕೊಳ್ಳುತ್ತಿದ್ದಾರೆ.